ಗೂಡಿನಲ್ಲಿಟ್ಟ ಅರ್ಧ ಕಂಡಿಕೆ

ಆ ಬೆಳಿಗ್ಗೆ ತಿರುಪ್ಪೂರಿನ ಮಗಳ ಮನೆಯಲ್ಲಿ ದೊರೈಸಾಮಿಗೆ ಇಡ್ಲಿ ಬಡಿಸಿದವರು ಯಾರೂ ಅವನ ಮುಖ ನೋಡಲಿಲ್ಲ. ಮಗಳು ಸಾಂತಿ ಒಂದರ ಮೇಲೊಂದು ಇಡ್ಲಿ ಹಾಕುತ್ತಲೇ ಇದ್ದಳು. ಅಳಿಯ ಬನಿಯನ್ ಕಂಪೆನಿಗೆ ಹೋಗುವ ಹೊತ್ತು ಮೀರಿದ್ದರೂ ಬಾಗಿಲಿಗೆ ಒರಗಿ ನಿಂತಿದ್ದ.

"ಸಾಕಮ್ಮಾ, ಯಾರ್ಗೆ ಹಾಕ್ತಿದೀಯಾ ಇಷ್ಟೊಂದು?"

"ತಿನ್ನಪ್ಪಾ. ಬಸ್ಸಲ್ಲಿ ಹೋಗ್ಬೇಕಲ್ಲ."

"ನಾನ್ ಹೋಗೋದು ನಾಳೆ ತಾನೇ?"

ಸಾಂತಿ ಸಟ್ಟುಗ ಹಿಡಿದುಕೊಂಡೇ ಒಳಗೆ ಹೋದಳು. ಮರಳಿ ಬರಲಿಲ್ಲ.

ದೂರದ ಊರಿಂದ ಸಾವಿನ ಸುದ್ದಿ ಬಂದರೆ, ಹೊರಡಬೇಕಾದವನ ಹೊಟ್ಟೆಗೆ ಮೊದಲು ಏನಾದರೂ ಹಾಕಿ ಆಮೇಲೆ ಬಾಯಿ ತೆರೆಯುವುದು ಅವರ ಮನೆಗಳ ಪದ್ಧತಿ. ಸುದ್ದಿ ಕೇಳಿದ ಮೇಲೆ ಎಲ್ಲ ಮುಗಿಯುವ ತನಕ ನೀರು ಕೂಡ ಗಂಟಲಲ್ಲಿ ಇಳಿಯುವುದಿಲ್ಲ. ದೊರೈಸಾಮಿಯೂ ಕೆಲವರಿಗೆ ಹೀಗೆ ಬಡಿಸಿದ್ದವನೇ. ಅವನು ತಟ್ಟೆಯಲ್ಲೇ ಕೈ ತೊಳೆದು ಕೇಳಿದ.

"ಯಾರು?"

"ನಿಮ್ಮಣ್ಣ, ದೊಡ್ಡ ಮಾವ" ಎಂದ ಅಳಿಯ. "ನೆನ್ನೆ ಸಾಯಂಕಾಲ. ಸೊಸೈಟೀಲಿ ಟೀವಿ ನೋಡಿ ಮನೆಗೆ ಬಂದ್ರಂತೆ, ನೀರು ಕೇಳಿದ್ರಂತೆ. ಅತ್ತೆ ಸೊಂಬು ತರೋಷ್ಟ್ರಲ್ಲಿ ಆಗೋಯ್ತಂತೆ. ಬಾಲು ಎದುರ್ ಕಂಪೆನಿಗೆ ಪೋನ್ ಮಾಡಿದ್ದ."

ನಿನ್ನೆ ಸಂಜೆ ಅದೇ ಹೊತ್ತಿನಲ್ಲಿ ದೊರೈಸಾಮಿಯೂ ಇಲ್ಲಿ ಟಿ.ವಿ.ಯಲ್ಲಿ ಅದೇ ಪ್ರಶ್ನೋತ್ತರದ ಕಾರ್ಯಕ್ರಮ ನೋಡುತ್ತಿದ್ದ. ಒಂದು ಪ್ರಶ್ನೆಗೆ ಯಾರೂ ಉತ್ತರ ಹೇಳಲಿಲ್ಲ, ಗಂಟೆ ಕಿರುಚಿತು, ಅವರು ಮುಂದಿನ ಪ್ರಶ್ನೆಗೆ ಹೋದರು. ಅಣ್ಣ ಅಲ್ಲಿ ಈಗ ಎಷ್ಟು ಬೈಯುತ್ತಿರಬಹುದು ಎಂದುಕೊಂಡು ಇವನು ಇಲ್ಲಿ ಒಬ್ಬನೇ ನಕ್ಕಿದ್ದ.

ಅವಿನಾಶಿ ದಾಟಿ, ಅನ್ನೂರು ದಾಟಿ ಬಸ್ಸು ಹೋಗುತ್ತಿರುವಾಗ ದೊರೈಸಾಮಿಗೆ ಅಳು ಬರಲಿಲ್ಲ. ಗೋಡೆಯ ಗೂಡಿನಲ್ಲಿಟ್ಟ ಅರ್ಧ ಕಂಡಿಕೆಯೊಂದೇ ಕಣ್ಣ ಮುಂದೆ ನಿಂತಿತ್ತು.

ಸಿರುಮುಗೈಯಲ್ಲಿ ಅವರ ಮನೆಯ ಪಡಸಾಲೆಯಲ್ಲಿ ನೆಲದ ಗುಂಡಿಯಲ್ಲಿ ಕಾಲಿಳಿಸಿ ಕೂತು ನೇಯುವ ಎರಡು ಗುಂಡಿಮಗ್ಗಗಳು ಎದುರುಬದುರಾಗಿದ್ದವು. ಒಂದರಲ್ಲಿ ಅಣ್ಣ ಕೃಷ್ಣಸಾಮಿ, ಇನ್ನೊಂದರಲ್ಲಿ ದೊರೈಸಾಮಿ. ಅಣ್ಣನಿಗೆ ಅರವತ್ತು ದಾಟಿತ್ತು. ತಮ್ಮ ಅವನಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು. ಹೆಂಡತಿ ತೀರಿಹೋಗಿ ಮಗಳನ್ನು ಕೊಟ್ಟ ಮೇಲೆ ಅವನಿಗೆ ಅಣ್ಣನ ಮನೆಯಲ್ಲೇ ಕೆಲಸ, ಅಲ್ಲೇ ಊಟ.

ಮಗ್ಗದ ಸದ್ದಿನಲ್ಲಿ ಹರಟೆ ಸಾಗುವುದಿಲ್ಲ. ಅದಕ್ಕೇ ಅವರ ಅಪ್ಪನ ಕಾಲದಿಂದ ಆ ಮನೆಯಲ್ಲಿ ಒಂದು ಆಟವಿತ್ತು. ಲಾಳಿಯ ಹೊಟ್ಟೆಯಲ್ಲಿ ಕೂರುವ, ನೂಲು ಸುತ್ತಿದ ಸಣ್ಣ ಕೊಳವೆಗೆ ಕಂಡಿಕೆ ಎನ್ನುತ್ತಾರೆ. ಹೊಸ ಕಂಡಿಕೆ ಹಾಕುವಾಗ ಒಬ್ಬ ಒಂದು ಪ್ರಶ್ನೆ ಕೇಳಬೇಕು. ಅದು ಮುಗಿದು ಮಗ್ಗ ನಿಂತಾಗ ಇನ್ನೊಬ್ಬ ಉತ್ತರ ಹೇಳಬೇಕು. ಪ್ರಶ್ನೆಗೆ ಅವರು ಕೇಳ್ವಿ ಎನ್ನುತ್ತಿದ್ದರು, ಉತ್ತರಕ್ಕೆ ಬದ್ಲು. ಗೊತ್ತಿಲ್ಲವೆಂದರೆ ಕೇಳಿದವನೇ ಉತ್ತರ ಹೇಳಿ, ಅದರ ಹಿಂದುಮುಂದನ್ನೆಲ್ಲ ಬಿಡಿಸಿಟ್ಟು, ಆಮೇಲೆ ಮುಂದಿನ ಕಂಡಿಕೆಗೆ ಕೈ ಹಾಕಬೇಕು. ಉತ್ತರ ಹೇಳದೆ ಮುಂದೆ ನೇಯುವ ಹಾಗಿಲ್ಲ. ಪ್ರಶ್ನೆ ನೇಯ್ಗೆಯಲ್ಲಿ ಉಳಿದರೆ ಆ ಸೀರೆ ಉಟ್ಟವಳಿಗೆ ನಿದ್ದೆ ಹತ್ತುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಚಂದ್ರನಿಗೆ ಎಷ್ಟು ದೂರ, ರೈಲು ಯಾವ ಊರಿಗೆ ಮೊದಲು ಬಂತು, ಆನೆ ಎಷ್ಟು ತಿಂಗಳು ಹೊರುತ್ತದೆ, ಹೀಗೆ ಪ್ರಶ್ನೆಗಳಿಗೆ ಮಿತಿಯಿರಲಿಲ್ಲ.

ಹಾಗಾಗಿ ನೇಕಾರರ ಸೊಸೈಟಿಗೆ ಟಿ.ವಿ. ಬಂದು, ಅದರಲ್ಲಿ 'ಅರಿವು ಮೇಡೈ', ಅಂದರೆ ಅರಿವಿನ ವೇದಿಕೆ, ಎಂಬ ಪ್ರಶ್ನೋತ್ತರದ ಕಾರ್ಯಕ್ರಮ ಶುರುವಾದಾಗ, ಅಣ್ಣತಮ್ಮಂದಿರಿಗೆ ನಮ್ಮ ಪಡಸಾಲೆಯನ್ನೇ ಯಾರೋ ಪೆಟ್ಟಿಗೆಯಲ್ಲಿಟ್ಟು ತೋರಿಸುತ್ತಿದ್ದಾರೆ ಎನಿಸಿತು. ಅದನ್ನು ನಡೆಸುತ್ತಿದ್ದವರು ನಿವೃತ್ತ ಮೇಷ್ಟರು. ಊರಿನವರೆಲ್ಲ ಅವರನ್ನು ವಾತ್ಯಾರ್ ಎಂದೇ ಕರೆಯುತ್ತಿದ್ದರು. ಯಾರೂ ಉತ್ತರ ಹೇಳದಿದ್ದರೆ ಅವರು ಕನ್ನಡಕ ತೆಗೆದು ಒರಸಿಕೊಂಡು, ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳುತ್ತಿದ್ದರು. ಉತ್ತರವಿಲ್ಲದ ಪ್ರಶ್ನೆಯೇ ಇಲ್ಲ, ನನಗೆ ಬರೆಯಿರಿ, ಹುಡುಕಿ ಹೇಳುತ್ತೇನೆ ಎಂದು ಒಂದು ಸಲ ಅಂದಿದ್ದರು. ಅಣ್ಣ ಎದ್ದು ನಿಂತು ಟಿ.ವಿ.ಗೆ ಕೈ ಮುಗಿದಿದ್ದ.

ಆಮೇಲೆ ಕಾರ್ಯಕ್ರಮ ನಿಂತುಹೋಯಿತು. ಒಂದು ವರ್ಷಕ್ಕೂ ಮೇಲೆ ಇರಲಿಲ್ಲ. ಎಂಬತ್ತೆಂಟನೆಯ ಇಸವಿಯಲ್ಲಿ ಮತ್ತೆ ಬಂದಾಗ ವಾತ್ಯಾರ್ ಇರಲಿಲ್ಲ. ಹೊಸ ಸಂಗೀತ, ಬಣ್ಣದ ದೀಪ, ಕೋಟು ತೊಟ್ಟ ಹುಡುಗ, ಒಂದು ಕೆಟ್ಟ ಗಂಟೆ. ಉತ್ತರ ಬಾರದ ಪ್ರಶ್ನೆಯನ್ನು ಅವರು ಹಾಗೆಯೇ ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು. ಮೊದಲ ದಿನ ಸೊಸೈಟಿಯಿಂದ ಮನೆಗೆ ಬಂದ ಅಣ್ಣನಿಗೆ ಊಟ ಸೇರಲಿಲ್ಲ.

"ಕೇಳ್ವಿ ಕೇಳ್ದೋನು ಬದ್ಲು ಹೇಳ್ದೆ ಎದ್ದು ಹೋಗ್ಬೋದಾ? ಅದ್ಯಾವ ಮರ್ಯಾದೆ?"

ಕಾರ್ಯಕ್ರಮ ಇನ್ನೂ ಚೆನ್ನಾಗಿ ಆಗಲು ನೋಡುವವರು ತಮ್ಮ ಯೋಚನೆಗಳನ್ನು ಬರೆದು ಕಳಿಸಬಹುದು ಎಂದು ಕೊನೆಯಲ್ಲಿ ಅವರೇ ಹೇಳಿದ್ದರು. ಆ ಭಾನುವಾರ ಅಣ್ಣ ತನ್ನ ಮಗ ಬಾಲಸುಬ್ರಮಣಿಯನ್‌ನನ್ನು ಕೂರಿಸಿಕೊಂಡ. ಬಾಲು ಕೊಯಮತ್ತೂರಿನ ಪಂಪು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ರಜೆಗೆ ಬಂದವನ ಕೈಗೆ ಪೋಸ್ಟ್ ಕಾರ್ಡು ಬಂತು. ಮನೆಯಲ್ಲಿ ಆಡುವುದು ಕನ್ನಡವಾದರೂ ಬರೆಯುವುದೆಲ್ಲ ತಮಿಳಿನಲ್ಲೇ.

"ಬರಿಯಪ್ಪಾ. ಮೊದ್ಲು, ಕೇಳ್ವಿನ ಎರಡು ದಪ ಓದ್ಬೇಕು. ಪಕ್ಕದಲ್ಲಿ ಮಗ್ಗ ಓಡ್ತಿರೋರ್ಗೂ ಕೇಳ್ಬೇಕಲ್ಲ."

"ಅವ್ರ ಕಡೆ ಮಗ್ಗ ಎಲ್ಲಿದೆಯಪ್ಪಾ?"

"ನೋಡೋರ ಕಡೆ ಇದೆಯಲ್ಲ. ಬರಿ. ಆಮೇಲೆ, ಸೋತೋರ್ನ ಬರೀ ಕೈಲಿ ಕಳಿಸ್ಬಾರ್ದು. ಒಂದು ಟವಲ್ ಆದ್ರೂ ಹೊದ್ದಿಸ್ಬೇಕು."

ಅತ್ತಿಗೆ ಸುಬ್ಬಾತಾಳ್ ರಾಟೆಯ ಮುಂದಿಂದ ಕೇಳಿದಳು. "ಗೆದ್ದೋರ್ಗೆ?"

"ಗೆದ್ದೋನ್ಗೆ ಗೆದ್ದಿದ್ದು ಸಾಲ್ದಾ?"

"ಆ ಗಂಟೆ ಬೇಡ ಅಂತ ಬರಿ" ಎಂದ ದೊರೈಸಾಮಿ. "ನಾಯಿ ಬಾಲ ತುಳಿದಂಗೆ ಕಿರುಚುತ್ತೆ."

"ಅದ್ನ ನಿನ್ ಚಿಕ್ಕಪ್ಪನ ಹೆಸರಲ್ಲಿ ಹಾಕು ಬಾಲು. ನಾನು ಮರ್ಯಾದಸ್ತ."

ಗಂಟೆಯ ಬದಲು ಒಂದು ಕಂಡಿಕೆ ಇಡಬೇಕು, ಅದರ ನೂಲು ಬಿಚ್ಚಿ ಮುಗಿಯುವ ತನಕ ಯೋಚಿಸಲು ಬಿಡಬೇಕು ಎಂದೂ ಬರೆಸಿದರು. ಕೊನೆಯದನ್ನು ಅಣ್ಣ ಎದ್ದು ನಿಂತು ಹೇಳಿದ. ಯಾವ ಪ್ರಶ್ನೆಯನ್ನೂ ಉತ್ತರ ಹೇಳದೆ ಬಿಡಬಾರದು. ಉಳಿದದ್ದು ಯಾವುದನ್ನು ಮಾಡದಿದ್ದರೂ ಇದೊಂದನ್ನು ಮಾಡಬೇಕು. ಬಾಲು ಅದರ ಕೆಳಗೆ ಎರಡು ಗೆರೆ ಎಳೆದ. ಕೆಳಗೆ ಅಣ್ಣ ಕೃಷ್ಣಸಾಮಿ ಎಂದು ನಿಧಾನವಾಗಿ ರುಜು ಹಾಕಿದ.

ದೊರೈಸಾಮಿ ಮಗಳ ಮನೆಗೆ ಹೊರಡುವ ದಿನ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಇಬ್ಬರೂ ಮಗ್ಗಕ್ಕೆ ಇಳಿದಿದ್ದರು. ಅಣ್ಣ ಹೊಸ ಕಂಡಿಕೆ ಹಾಕುತ್ತ ಕೇಳಿದ.

"ಹಳೇ ಊರಲ್ಲಿ ಸೌಡಮ್ಮನ ಗುಡಿ ಬಾಗ್ಲು ಯಾವ ಕಡೆಗಿತ್ತು? ಮೂಡ್ಲಾ, ಪಡ್ವ್ಲಾ?"

ದೊರೈಸಾಮಿಯ ಕೈ ನಿಂತಿತು. ಹಳೆಯ ಊರು ಅಣೆಕಟ್ಟಿನ ನೀರಿನ ಅಡಿಗೆ ಹೋಗಿ ಮೂವತ್ತು ವರ್ಷದ ಮೇಲಾಗಿತ್ತು. ಅಲ್ಲಿಂದ ಎದ್ದು ಬಂದವರು ಒಂದೊಂದು ಕಡೆ ಚದುರಿದ್ದರು. ಅಮ್ಮ ತೀರಿದ ಮೇಲೆ ಚಿಕ್ಕಂದಿನಲ್ಲೇ ಅವನನ್ನು ಕೊಯಮತ್ತೂರಿನ ಮಾವನ ಮನೆಗೆ ಕಳಿಸಿದ್ದರು. ಅವನು ಮರಳಿ ಬಂದದ್ದು ಊರು ಮುಳುಗಿದ ಮೇಲೆ.

"ಯಾಕಣ್ಣಾ ಈಗ ಅದು?"

"ನಾನ್ ಹೋದ್ರೆ ನೀನ್ ತಾನೇ ತೋರಿಸ್ಬೇಕು? ಗೊತ್ತಿದೆಯಾ ನೋಡೋಣ ಅಂತ."

ಅವರ ವಂಶದಲ್ಲಿ ಒಂದು ನಡೆಯಿತ್ತು. ಹೋದವರಿಗೆ ಕರುಮಾದಿಯ, ಅಂದರೆ ಉತ್ತರಕ್ರಿಯೆಯ ದಿನ ಹೊಳೆಯಲ್ಲಿ ನೀರು ಬಿಡುವಾಗ, ಹಳೆಯ ಗುಡಿಯ ಬಾಗಿಲ ಒಳಗೆ ಕಾಲಿಡುವವನ ಹಾಗೆ ನಿಲ್ಲಬೇಕು. ಆಗ ಜೀವ ನೆಟ್ಟಗೆ ಕುಲದೇವತೆ ಸೌಡಮ್ಮನ ಮುಂದೆ ಹೋಗುತ್ತದೆ. ದಿಕ್ಕು ತಪ್ಪಿದರೆ ಗುಡಿಯ ಹಿಂಬದಿಯ ಗೋಡೆಗೆ ಮುಟ್ಟಿ ಅಲ್ಲೇ ನಿಲ್ಲುತ್ತದೆ. ದಿಕ್ಕು ತೋರಿಸುವುದು ಮನೆಯ ಹಿರಿಯನ ಕೆಲಸ. ಅಪ್ಪನ ಕರುಮಾದಿಯಲ್ಲಿ ಅದನ್ನು ಅಣ್ಣ ಮಾಡಿದ್ದ. ದೊರೈಸಾಮಿ ಹಿಂದೆ ನಿಂತು ಅಣ್ಣನ ಒದ್ದೆ ಬೆನ್ನನ್ನು ನೋಡುತ್ತ ಅತ್ತಿದ್ದ. ಬೆನ್ನು ನೆನಪಿತ್ತು. ಬೆನ್ನು ಯಾವ ಕಡೆಗಿತ್ತು ಎಂಬುದು ನೆನಪಿರಲಿಲ್ಲ. ಆ ದಡವನ್ನೂ ಆಮೇಲೊಂದು ನೆರೆ ಕೊಚ್ಚಿಕೊಂಡು ಹೋಗಿತ್ತು.

ಅಣ್ಣನ ಕಂಡಿಕೆ ಅರ್ಧ ಸವೆದಿರುವಾಗ ಹೊರಗೆ ಬಸ್ಸಿನ ಹಾರನ್ ಕೇಳಿತು. ದೊರೈಸಾಮಿ ಚೀಲ ಎತ್ತಿಕೊಂಡ.

"ಸೋತೆ ಅಂತ ಒಪ್ಕೋ. ಈಗ್ಲೇ ಹೇಳ್ಬಿಡ್ತೀನಿ" ಎಂದ ಅಣ್ಣ.

"ಯಾರ್ ಸೋತಿದ್ದು? ನಿನ್ ಕಂಡಿಕೆ ಇನ್ನೂ ಅರ್ಧ ಇದೆ. ಬಂದು ಹೇಳ್ತೀನಿ."

ಅಣ್ಣ ನಗುತ್ತ ತನ್ನ ಲಾಳಿಯಿಂದ ಆ ಕಂಡಿಕೆಯನ್ನು ಕಿತ್ತು, ನೂಲು ಕಡಿದು, ದೀಪವಿಡುವ ಗೂಡಿನಲ್ಲಿ ಇಟ್ಟ. "ನಿನ್ ಹೊತ್ತು ಇಲ್ಲಿ ಭದ್ರವಾಗಿದೆ. ಹೋಗ್ಬಾ."

ದೊರೈಸಾಮಿ ಮನೆ ತಲುಪಿದಾಗ ಅಣ್ಣನನ್ನು ಮಗ್ಗದ ಪಕ್ಕದಲ್ಲೇ ಮಲಗಿಸಿದ್ದರು. ಮಗ್ಗದ ಹಗ್ಗಗಳನ್ನು ಸಡಿಲ ಬಿಟ್ಟಿದ್ದರು. ಅವನು ಮೊದಲು ಗೂಡನ್ನು ನೋಡಿದ, ಆಮೇಲೆ ಅಣ್ಣನ ಮುಖವನ್ನು. ಕಾಲ ಹತ್ತಿರ ಕುಸಿದು ಕೂತು, "ಸೋತೆ ಅಣ್ಣಾ, ಹೇಳು" ಎಂದ. ಸುತ್ತ ಕೂತ ಹೆಂಗಸರಿಗೆ ಅದು ಅರ್ಥವಾಗಲಿಲ್ಲ. ಅವರು ಇನ್ನಷ್ಟು ಜೋರಾಗಿ ಅತ್ತರು. ಸುಬ್ಬಾತಾಳ್ ಮಾತ್ರ ತಲೆ ಎತ್ತಿ ಅವನನ್ನೇ ನೋಡಿದಳು.

ಮಣ್ಣು ಮಾಡಿ ಬಂದ ಮೇಲೆ ಅವನು ಅತ್ತಿಗೆಯನ್ನು ಗುಡಿಯ ದಿಕ್ಕು ಕೇಳಿದ. ಅವಳು ಆ ಊರು ಕಂಡವಳಲ್ಲ, ಅದು ಮುಳುಗಿದ ಮೇಲೆ ಮದುವೆಯಾಗಿ ಬಂದವಳು. ಹಳೆಯ ಊರಿನವರೆಂದು ಸಿರುಮುಗೈಯಲ್ಲಿ ಉಳಿದಿದ್ದವಳು ಕಾಮಾಕ್ಷಿಯಮ್ಮ ಒಬ್ಬಳೇ. ಕಣ್ಣು ಮಂಜಾಗಿ ಮಂಚ ಹಿಡಿದಿದ್ದಳು. ದೊರೈಸಾಮಿ ಅವಳ ಕಿವಿಯ ಹತ್ತಿರ ಬಗ್ಗಿ ಕೇಳಿದ.

"ಮೂಡ್ಲು" ಎಂದಳು ಮುದುಕಿ ಕೂಡಲೇ. "ಹೊತ್ತು ಹುಟ್ತಿದ್ದಂಗೆ ಅಮ್ಮನ ಮೂಗುತಿ ಪಳಪಳ ಅಂತಿತ್ತು."

ದೊರೈಸಾಮಿಗೆ ಜೀವ ಬಂದಂತಾಯಿತು. ಅವನಿಗೂ ಅದೊಂದು ನೆನಪಿತ್ತು. ಯಾರದೋ ಹೆಗಲ ಮೇಲೆ ಕೂತು ನೋಡಿದ್ದ, ಬಿಸಿಲು ಬಿದ್ದು ಹೊಳೆಯುವ ಮೂಗುತಿ.

"ಮೂಡ್ಲೇ ತಾನೇ ದೊಡ್ಡಮ್ಮಾ?"

"ದೀಪ ಹಚ್ಚೋ ಮುಂಚೆ ಹೋಗ್ತಿದ್ವಿ, ಹೊಲದಿಂದ ಬಂದು. ಆಗ ಬಿಸ್ಲು ಒಳಗೆ ಬೀಳ್ತಿತ್ತು. ಪಡ್ವ್ಲು ಇರ್ಬೇಕು." ಅವಳು ಸ್ವಲ್ಪ ಹೊತ್ತು ಬೊಚ್ಚು ಬಾಯಿ ಆಡಿಸಿದಳು. "ನಂಗ್ಯಾಕಪ್ಪಾ ಕೇಳ್ತೀಯಾ? ನಿಮ್ಮಣ್ಣನ್ಗೆ ಚೆನ್ನಾಗ್ ಗೊತ್ತು. ಅವ್ನ ಕೇಳು."

ದೊರೈಸಾಮಿ ಹೂಂ ಎಂದು ಎದ್ದು ಬಂದ.

ಅಣೆಕಟ್ಟೆಗೂ ಹೋದ. ನೀರು ತುಂಬಿ ನಿಂತಿತ್ತು. ಕಾವಲುಗಾರ ತೋರಿಸಿದ ಕಡೆ ನೀರು ಬಿಟ್ಟರೆ ಏನೂ ಇರಲಿಲ್ಲ. ಬಹಳ ಬೇಸಿಗೆಯಲ್ಲಿ ಕಲ್ಲು ಕಾಣುತ್ತವೆ, ಆದರೆ ನಿಂತ ಗೋಡೆ ಯಾವುದೂ ಇಲ್ಲ ಎಂದು ಅವನು ಹೇಳಿದ.

ಹೀಗಿರುವಾಗ ಅಣ್ಣನ ಹೆಸರಿಗೆ ಟಿ.ವಿ.ಯವರ ಕಾಗದ ಬಂತು. ಕೊಯಮತ್ತೂರಿನ ಕಾಲೇಜೊಂದರಲ್ಲಿ 'ಅರಿವು ಮೇಡೈ'ಯ ಚಿತ್ರೀಕರಣವಿದೆ, ಒಳ್ಳೆಯ ಯೋಚನೆ ಕಳಿಸಿದವರನ್ನು ಕರೆಯುತ್ತಿದ್ದೇವೆ, ಬನ್ನಿ ಎಂದಿತ್ತು. ಬಾಲು ಅದನ್ನು ಓದಿ ಮಡಚಿದ.

"ನಾನ್ ಹೋಗ್ಲಾ ಅತ್ತಿಗೆ?" ಎಂದ ದೊರೈಸಾಮಿ. "ಒಂದು ವೇಳೆ ಆ ವಾತ್ಯಾರ್ ಬಂದಿದ್ರೆ... ಹುಡುಕಿ ಹೇಳ್ತೀನಿ ಅಂದಿದ್ರಲ್ಲ."

"ಸೂತಕ ಚಿಕ್ಕಪ್ಪಾ" ಎಂದ ಬಾಲು.

"ಗುಡಿಗೆ ತಾನೇ ಹೋಗ್ಬಾರ್ದು. ಕಾಲೇಜಿಗೆ ಹೋದ್ರೆ ಯಾರು ಕೇಳ್ತಾರೆ" ಎಂದಳು ಸುಬ್ಬಾತಾಳ್. "ಹೋಗ್ಬಾಪ್ಪಾ. ಹೋಗ್ದಿದ್ರೆ ನಿಂಗೆ ಆಗಲ್ಲ."

ಕಾಲೇಜಿನ ಸಭಾಂಗಣದಲ್ಲಿ ದೀಪಗಳ ಕಾವಿಗೆ ಬೆವರು ಕಿತ್ತುಬರುತ್ತಿತ್ತು. ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ ಯುವತಿ ಕೈಯಲ್ಲಿ ಕಾಗದ ಹಿಡಿದು ಓಡಾಡುತ್ತಿದ್ದಳು. ದೊರೈಸಾಮಿ ಅಣ್ಣನ ಹೆಸರು ಹೇಳಿದ ಕೂಡಲೇ ಅವಳ ಮುಖ ಅರಳಿತು. ತಮಿಳಿನಲ್ಲಿ ಹೇಳಿದಳು.

"ಕಂಡಿಕೆ ಐಯಾ ನೀವೇನಾ? ನಿಮ್ಮ ಕಾರ್ಡನ್ನು ನಾವೆಲ್ಲ ಓದಿ ಓದಿ ಖುಷಿಪಟ್ಟೆವು. ಗಂಟೆ ತೆಗೆದುಬಿಟ್ಟಿದ್ದೇವೆ, ನೋಡಿ ಬನ್ನಿ."

ವೇದಿಕೆಯ ನಡುವೆ ಆಳುದ್ದದ ಮರದ ಕಂಡಿಕೆಯೊಂದನ್ನು ನಿಲ್ಲಿಸಿದ್ದರು. ಕೆಂಪು ನೂಲು, ಕೆಳಗೆ ಮೋಟರು. ಅವಳು ಸನ್ನೆ ಮಾಡಿದಳು. ಕಂಡಿಕೆ ಗಿರ್ರನೆ ತಿರುಗಿ, ಉಸಿರು ಬಿಡುವಷ್ಟರಲ್ಲಿ ನೂಲೆಲ್ಲ ಬಿಚ್ಚಿ, ಬರೀ ಮರ ಉಳಿಯಿತು.

"ಇಷ್ಟು ಸೀಕ್ರ ಓಡೋ ಕಂಡಿಕೆ ನಮ್ಮ ಮನೇಲಿಲ್ಲಮ್ಮಾ" ಎಂದ ದೊರೈಸಾಮಿ.

ಅವಳು ನಕ್ಕಳು. "ಏನು ಮಾಡೋದು ಐಯಾ, ಇರುವುದೇ ಅರ್ಧ ಗಂಟೆ."

"ಆ ಕೊನೇದು? ಗೆರೆ ಎಳೆದಿದ್ದು?"

"ಉತ್ತರ ಹೇಳೋದಾ? ಅದು ಮಾತ್ರ ಆಗಲಿಲ್ಲ. ಅದಕ್ಕೆ ಸಮಯ ಹಿಡಿಯುತ್ತದೆ. ಬೇಸರಪಟ್ಟುಕೊಳ್ಳಬೇಡಿ."

ದೊರೈಸಾಮಿ ಆಗ ಹೇಳಿದ. ಬರೆದವನು ತಾನಲ್ಲ, ಅಣ್ಣ. ಅಣ್ಣ ಈಗ ಇಲ್ಲ. ಯುವತಿ ಕಾಗದ ಕೆಳಗಿಟ್ಟಳು. ಕುರ್ಚಿ ತರಿಸಿದಳು, ನೀರು ಕೊಟ್ಟಳು, ಎದುರಿಗೆ ತಾನೂ ಕೂತಳು. ಅವಳನ್ನು ಯಾರೋ ಎರಡು ಸಲ ಕರೆದರೂ ಏಳಲಿಲ್ಲ.

"ವಾತ್ಯಾರ್ ಬಂದಿದಾರಾ ಅಮ್ಮಾ?"

"ಅವರು ಕೆಲಸ ಬಿಟ್ಟು ಹೋದರು ಐಯಾ. ಎಲ್ಲಿದ್ದಾರೋ ನಮಗೂ ತಿಳಿಯದು. ಏನಾಗಬೇಕಿತ್ತು?"

ಅವನು ಪ್ರಶ್ನೆ ಹೇಳಿದ. ಮುಳುಗಿದ ಊರು, ಗುಡಿ, ಬಾಗಿಲು, ಮೂಗುತಿಯ ಮೇಲಿನ ಬಿಸಿಲು. ಅವಳು ಪೂರ್ತಿ ಕೇಳಿದಳು. ತೀರ್ಪುಗಾರರಾಗಿ ಬಂದಿದ್ದ ಕಾಲೇಜಿನ ಹಿರಿಯರನ್ನು ಕರೆದು ಅವರಿಗೂ ಹೇಳಿಸಿದಳು. ಅವರು ಹಣೆ ಉಜ್ಜಿಕೊಂಡು, ಗುಡಿಗಳು ಸಾಮಾನ್ಯವಾಗಿ ಮೂಡಲಿಗೆ ಇರುತ್ತವೆ ಎಂದರು. ಅಮ್ಮನ ಗುಡಿಗಳು ಕೆಲವು ಬೇರೆ ದಿಕ್ಕಿಗೂ ಇರುತ್ತವೆ ಎಂದರು. ನೋಡದೆ ಹೇಳಲಾಗದು ಎಂದರು.

"ಪುಸ್ತಕದಲ್ಲಿ ಉತ್ತರ ಇರೋ ಪ್ರಶ್ನೆ ಮಾತ್ರ ನಮ್ಮ ಹತ್ತಿರ ಇರೋದು ಐಯಾ" ಎಂದಳು ಯುವತಿ ಮೆಲ್ಲಗೆ.

ಹೊರಡುವಾಗ ಅವಳು ಅವನ ಹೆಗಲಿಗೆ ಹೊಸ ಟವಲೊಂದನ್ನು ಹೊದ್ದಿಸಿ ಕೈ ಮುಗಿದಳು. ಅದು ಎಲ್ಲಿಂದ ಬಂದ ಯೋಚನೆ ಎಂಬುದು ಮೇಟ್ಟುಪಾಳಯದ ರಸ್ತೆಯಲ್ಲಿ ಬಸ್ಸು ಅರ್ಧ ದೂರ ಬಂದ ಮೇಲೆ ದೊರೈಸಾಮಿಗೆ ಹೊಳೆಯಿತು. ಟವಲಿನಿಂದಲೇ ಮುಖ ಮುಚ್ಚಿಕೊಂಡು, ಸುದ್ದಿ ಬಂದ ದಿನದಿಂದ ಬಾರದಿದ್ದ ಅಳುವನ್ನೆಲ್ಲ ಅಲ್ಲಿ ಅತ್ತ. ಪಕ್ಕದವನು ಕಿಟಕಿಯ ಕಡೆಯ ಸೀಟು ಬಿಟ್ಟುಕೊಟ್ಟ.

ಮನೆಯಲ್ಲಿ ಸುಬ್ಬಾತಾಳ್ ಬಾಗಿಲಲ್ಲೇ ಕೂತಿದ್ದಳು.

"ಏನಪ್ಪಾ, ಬದ್ಲು ಸಿಕ್ತಾ?"

"ಟವಲ್ ಕೊಟ್ರು ಅತ್ತಿಗೆ."

ಅವಳು ಅದನ್ನು ಇಸಕೊಂಡು ಮಡಚಿ ಮಡಿಲಲ್ಲಿಟ್ಟುಕೊಂಡಳು.

ಕರುಮಾದಿಯ ಬೆಳಿಗ್ಗೆ ಸ್ನಾನ ಮಾಡಿ, ಹೋದವನ ಮಗ್ಗವನ್ನು ಒಮ್ಮೆ ಆಡಿಸಿ, ಆಮೇಲೆ ಹೊಳೆಗೆ ಹೋಗುವುದು ನಡೆ. ದೊರೈಸಾಮಿ ಅಣ್ಣನ ಗುಂಡಿಗೆ ಇಳಿದ. ತುಳಿಗೋಲುಗಳು ಅಣ್ಣನ ಕಾಲಿಗೆ ಸವೆದಿದ್ದವು. ಗೂಡಿನಿಂದ ಅರ್ಧ ಕಂಡಿಕೆಯನ್ನು ತೆಗೆದು ಲಾಳಿಗೆ ಹಾಕಿದ. ಬಾಲು ಹಗ್ಗ ಬಿಗಿದು ಕೊಟ್ಟ.

ಎಷ್ಟು ನಿಧಾನವಾಗಿ ನೇಯಬಹುದೋ ಅಷ್ಟು ನಿಧಾನವಾಗಿ ನೇಯ್ದ. ಪ್ರತಿ ಎಳೆಗೂ ಆ ಹೆಗಲ ಮೇಲಿನ ಮಗುವಾಗಲು ನೋಡಿದ. ಮೂಗುತಿ ಹೊಳೆಯಿತು. ಬಿಸಿಲು ಹಳದಿಯಾಗಿತ್ತು. ಗಾಳಿ ತಣ್ಣಗಿತ್ತೇ, ಬೆಚ್ಚಗಿತ್ತೇ? ಹೊತ್ತವನು ಅಪ್ಪನೋ, ಅಣ್ಣನೋ? ಹಕ್ಕಿಗಳು ಗೂಡಿನಿಂದ ಹೊರಟಿದ್ದವೋ, ಗೂಡಿಗೆ ಬರುತ್ತಿದ್ದವೋ? ಏನೂ ಬರಲಿಲ್ಲ. ಲಾಳಿ ಹಗುರವಾಗುತ್ತ ಬಂತು. ಕೊನೆಯ ಎಳೆ ಸರಿದು, ಖಾಲಿ ಕೊಳವೆ ಲಾಳಿಯೊಳಗೆ ಟೊಳ್ಳು ಸದ್ದು ಮಾಡಿತು. ಅವನು ಕೈ ಬಿಟ್ಟ. ಎದುರಿನ ಮಗ್ಗದಲ್ಲಿ, ಯಾವಾಗಲೂ ತಾನು ಕೂರುತ್ತಿದ್ದ ಜಾಗದಲ್ಲಿ, ಯಾರೂ ಇರಲಿಲ್ಲ.

ಹೊಳೆಯಲ್ಲಿ ನೀರು ಮಂಡಿಯವರೆಗೆ ಇತ್ತು. ಭವಾನಿಯಲ್ಲಿ ಇಲ್ಲಿ ಬಿಟ್ಟ ನೀರು ಹರಿದು ಹೋಗಿ ಅಣೆಕಟ್ಟೆಯಲ್ಲಿ, ಆ ಹಳೆಯ ಊರಿನ ಮೇಲೆಯೇ ನಿಲ್ಲುತ್ತದೆ. ಬಾಲು ತಲೆ ಬೋಳಿಸಿಕೊಂಡು, ತಾಮ್ರದ ಚೆಂಬು ಹಿಡಿದು ನೀರಿಗಿಳಿದ. ನೆಂಟರು ದಡದಲ್ಲಿ ನಿಂತರು.

"ಚಿಕ್ಕಪ್ಪಾ, ಯಾವ ಕಡೆ?"

ಎಲ್ಲರೂ ದೊರೈಸಾಮಿಯನ್ನು ನೋಡಿದರು. ಯಾವುದಾದರೊಂದು ಕಡೆ ಕೈ ತೋರಿಸಿದ್ದರೆ ಯಾರೂ ಸುಳ್ಳೆನ್ನುತ್ತಿರಲಿಲ್ಲ. ಅವನ ಕೈ ಅರ್ಧ ಮೇಲೆದ್ದಿತು. ಆ ಕೈಗೆ ಆಧಾರವಾಗಿ ಏನೂ ಇರಲಿಲ್ಲ.

"ನಂಗೆ ಗೊತ್ತಿಲ್ಲಪ್ಪಾ" ಎಂದ.

ದಡದಲ್ಲಿ ಗುಸುಗುಸು ಎದ್ದಿತು. ಬಾಲು ಚೆಂಬು ಹಿಡಿದು ಹಾಗೆಯೇ ನಿಂತ. ಚೆಂಬಿನ ಬಾಯಿಂದ ನೀರು ತಾನೇ ಸ್ವಲ್ಪ ತುಳುಕಿತು. ಆಗ ದಡದಿಂದ ಸುಬ್ಬಾತಾಳ್ ಹೇಳಿದಳು. "ಕಾಯಿಸ್ಬೇಡ್ರಪ್ಪಾ ಅವ್ರನ್ನ. ಬಿಸ್ಲೇರ್ತಾ ಇದೆ."

ದೊರೈಸಾಮಿ ನೀರಿಗಿಳಿದು ಬಾಲುವಿನ ಪಕ್ಕದಲ್ಲಿ ನಿಂತು, ಅವನ ಕೈಯ ಕೆಳಗೆ ತನ್ನ ಕೈ ಇಟ್ಟ. ಇಬ್ಬರೂ ನಿಂತಲ್ಲೇ ಚೆಂಬನ್ನು ಬಗ್ಗಿಸಿದರು. ಹೊಳೆ ಆ ನೀರನ್ನು ತೆಗೆದುಕೊಂಡು ಹೋಯಿತು. ಅದು ಹರಿದ ಕಡೆಗೆ ದೊರೈಸಾಮಿ ಕೈ ಮುಗಿದು ನಿಂತಿದ್ದ.

"ತಾಯೀ ಸೌಡಮ್ಮಾ, ನಮ್ಮಣ್ಣ ಬರ್ತಾ ಇದಾನೆ. ನಿನ್ನ ಬಾಗ್ಲು ಯಾವ ಕಡೆಗಿದೆ ಅಂತ ಕೇಳಿ, ಹೇಳ್ದೆ ಹೊರಟುಬಿಟ್ಟ. ನಾನು ಸೋತು ನಿಂತಿದೀನಿ. ಅವನು ಯಾವ ಕಡೆಯಿಂದ ಬಂದ್ರೂ ಅವನ್ಗೆ ಗೋಡೆ ಸಿಗದಂಗೆ ನೋಡ್ಕೋ. ಬಂದ ಕಡೇನೇ ಬಾಗ್ಲಾಗು ತಾಯೀ. ಅವನ ಕೈಗೆ ಕೆಲಸ, ಅವನ ಬಾಯಿಗೆ ಕೇಳ್ವಿ ಇನ್ನು ಬೇಡ. ನಿನ್ನ ಮುಂದೆ ಕೂತು ಅವನು ತಣ್ಣಗಿರ್ಲಿ."